ಅತ್ತೆಯ ಹೊಟ್ಟೆಯೊಳಗಿನ ಲೋಳೆ

ನನ್ನ ಸೋದರತ್ತೆಯ ಹೊಟ್ಟೆ ಬೆಳೆಯತೊಡಗಿದಾಗ ಆಕೆಯ ಗಂಡ ಸತ್ತು ಆರು ವರ್ಷವಾಗಿತ್ತು. ಊರಿಗೆ ಲೆಕ್ಕ ಹಾಕಲು ಇಷ್ಟೇ ಸಾಕಾಯಿತು. ಸವಣೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಬೇರೆ ಯಾವ ಲೆಕ್ಕವೂ ಬಾರದ ಮಂದಿ ಈ ಲೆಕ್ಕದಲ್ಲಿ ಮಾತ್ರ ಬಲು ಹುಷಾರಾಗಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಹಾನಗಲ್ಲಿನಲ್ಲಿ ಅಜ್ಜಿಯ ಮನೆಯಲ್ಲಿದ್ದುಕೊಂಡು ಪಿಯುಸಿ ವಿಜ್ಞಾನ ಓದುತ್ತಿದ್ದೆ. ಅತ್ತೆ ಗಂಡ ಸತ್ತ ಮೇಲೆ ತವರಿಗೆ, ಅಂದರೆ ನಮ್ಮ ಮನೆಗೆ, ಬಂದವಳು. ಮೂಲೆಯಲ್ಲಿ ಕೂತು ಉಂಡಿದ್ದರೆ ಊರಿಗೂ ಸಮಾಧಾನ ಇರುತ್ತಿತ್ತೇನೋ. ಆಕೆ ಎಲೆತೋಟದ ಕೆಲಸಕ್ಕೆ ಹೋಗುತ್ತಿದ್ದಳು. ಏಣಿ ಇಟ್ಟು ಬಳ್ಳಿಯಿಂದ ವೀಳ್ಯದೆಲೆ ಕೊಯ್ಯುವುದು, ನೆರಳಿಗೆ ಕೂತು ಜೋಡಿಸಿ ಕಟ್ಟುವುದು. ಗಂಡಸರ ಜೊತೆ ಜೋರಾಗಿ ಮಾತಾಡುತ್ತಿದ್ದಳು, ನಗು ಬಂದರೆ ಬಾಯಿಗೆ ಸೆರಗು ಹಿಡಿಯದೆ ನಗುತ್ತಿದ್ದಳು. ಅಂಥವಳ ಹೊಟ್ಟೆ ಮುಂದೆ ಬಂದರೆ ಊರು ಸುಮ್ಮನಿರುತ್ತದೆಯೇ?

ಬೇಸಿಗೆ ರಜೆಗೆ ಬಂದ ನನಗೆ ಅವಳು ಒಳಕೋಣೆಯಲ್ಲಿ ಸಿಕ್ಕಳು. ಹಗಲು ಹೊತ್ತು ಒಳಕೋಣೆಯಲ್ಲಿ ಕೂತವಳೇ ಅಲ್ಲ ಅತ್ತೆ. ಅಪ್ಪ ತೋಟದ ಕೆಲಸ ಬಿಡಿಸಿದ್ದ. ಹಿತ್ತಲಿಗೆ ಹೋಗುವುದಾದರೂ ಮೈತುಂಬ ಶಾಲು ಹೊದ್ದೇ ಹೋಗಬೇಕೆಂದು ತಾಕೀತು ಮಾಡಿದ್ದ. ಆ ಬಿಸಿಲಿನಲ್ಲಿ ಶಾಲು!

"ನೋವಿಲ್ಲ," ಅಂದಳು ಅತ್ತೆ. "ಭಾರ ಐತಿ. ಅಡ್ಡಾದ್ರ ಉಸಿರು ಹಿಡಿದಂಗ ಆಕ್ಕತಿ."

"ದವಾಖಾನಿಗೆ ಯಾಕ ಹೋಗಿಲ್ಲತ್ತೀ?"

ಉತ್ತರ ಪಡಸಾಲೆಯಿಂದ ಅಪ್ಪ ಕೊಟ್ಟ: "ಈಗ ಕರ್ಕೊಂಡು ಹೋದ್ರ ಮಂದಿ ಏನಂತಾರ? ತೆಗಸಾಕ ಹೋದ್ರು ಅಂತಾರ."

ಅಪ್ಪ ಕೆಟ್ಟವನಲ್ಲ. ತಂಗಿಯ ಮೇಲೆ ಅವನಿಗೆ ಸಂಶಯವೂ ಇರಲಿಲ್ಲ. ಆದರೆ ಮಂದಿಯ ಬಾಯಿಗೆ ಹೆದರಿ, ಹಿರೇಕೆರೂರಿನ ಕಡೆಯ ಯಾರೋ ನಾಟಿ ವೈದ್ಯನಿಂದ ಜಲೋದರದ ಕಷಾಯ ತರಿಸಿ ತಿಂಗಳುಗಟ್ಟಲೆ ಕುಡಿಸಿದ. ಕಷಾಯ ಇಳಿಯುತ್ತಿತ್ತು, ಹೊಟ್ಟೆ ಏರುತ್ತಿತ್ತು. ಅವ್ವ ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಂಡನಿಗೆ ಎದುರು ಮಾತಾಡುವುದು ಅವಳಿಗೆ ಗೊತ್ತೇ ಇರಲಿಲ್ಲ.

ಆ ರಜೆಯಲ್ಲೇ ಒಂದು ಬೆಳಿಗ್ಗೆ ನಮ್ಮ ಹೊಸ್ತಿಲ ಮೇಲೆ ಕುಪ್ಪಸಕ್ಕೆಂದು ಒಂದು ಹಸಿರು ಖಣ, ಅದರ ಮೇಲೆ ಹಸಿರು ಬಳೆ, ಒಂದು ತೆಂಗಿನಕಾಯಿ ಇದ್ದವು. ನಮ್ಮ ಕಡೆ ಚೊಚ್ಚಲ ಬಸುರಿಗೆ ತವರಿನವರು ಕುಬಸ, ಅಂದರೆ ಸೀಮಂತ, ಮಾಡುವಾಗ ಇಡುವ ಸಾಮಾನು ಅದು. ಯಾರೋ ನಸುಕಿನಲ್ಲಿ ಬಂದು ವಿಧವೆಯ ಬಾಗಿಲಿಗೆ ಇಟ್ಟು ಹೋಗಿದ್ದರು. ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾದರೆ ಇವತ್ತಿಗೂ ಬಿಡುವುದಿಲ್ಲ. ಕಸ ಗುಡಿಸಲು ಬಾಗಿಲು ತೆಗೆದ ಅವ್ವ ಅಪ್ಪನನ್ನು ಕೂಗಿ ಕರೆದಳು. ಅಪ್ಪ ಅದನ್ನು ಬಾವಿಗೆ ಎಸೆಯಲು ಹೊರಟ.

ಅತ್ತೆ ಶಾಲಿಲ್ಲದೆ ಹೊರಗೆ ಬಂದಳು. ಅಪ್ಪನ ಕೈಯಿಂದ ಖಣ ಕಿತ್ತುಕೊಂಡು, ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದಳು.

"ಅರಿವಿ ಚಲೋ ಐತಿ," ಅಂದಳು. "ಗುಳೇದಗುಡ್ಡದ್ದು."

ಅಂದೇ ನನ್ನನ್ನು ಕರೆದುಕೊಂಡು ದರ್ಜಿಯ ಅಂಗಡಿಗೆ ನಡೆದಳು. ದರ್ಜಿ ಖಣ ನೋಡಿ, ಆಕೆಯ ಹೊಟ್ಟೆ ನೋಡಿ, ಟೇಪನ್ನು ಕೊರಳಿಗೆ ಹಾಕಿ ತೆಗೆದು ಮಾಡಿದ.

"ಅಕ್ಕಾರ, ಇದು ಕುಬಸದ ಖಣ ಅಲ್ಲೇನ್ರಿ?"

"ಹೌದಪಾ. ಯಾರೋ ಪ್ರೀತಿಲೆ ಇಟ್ಟು ಹೋಗ್ಯಾರ. ಸಡ್ಲ ಬ್ಯಾಡ, ಮೈಗೆ ಸರಿಯಾಗಿ ಹೊಲಿ."

ಮರುದಿನ ಆ ಹಸಿರು ಕುಪ್ಪಸ ತೊಟ್ಟು, ಕೈತುಂಬ ಆ ಹಸಿರು ಬಳೆ ಇಟ್ಟುಕೊಂಡು ಪಡಸಾಲೆಯಲ್ಲಿ ನಿಂತಳು. ಗಂಡ ಸತ್ತ ಮೇಲೆ ಆಕೆ ಹಸಿರು ಮುಟ್ಟಿರಲೇ ಇಲ್ಲ. ಅವ್ವ "ಅಯ್ಯ ಶಿವನ" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಹುಬ್ಬಳ್ಳಿ ದವಾಖಾನಿಗೆ ಹೊಂಟೇನಿ," ಅಂದಳು ಅತ್ತೆ. "ಬರಾವ್ರು ಬರ್ರಿ."

"ನನ್ನ ಮಾರಿ ಎಲ್ಲಿಟ್ಕೊಳ್ಳಲಿ?" ಎಂದ ಅಪ್ಪ.

"ಅಣ್ಣಾ, ನಿನ್ನ ಮಾರಿ ನಿನ್ನ ಕಡೇನ ಐತಿ. ಹೊಟ್ಟಿ ನಂದು."

ಹೊಲದ ದಾರಿ ಹಿಡಿದಿದ್ದರೆ ಯಾರ ಕಣ್ಣಿಗೂ ಬೀಳದೆ ಬಸ್ಸಿಗೆ ಹೋಗಬಹುದಿತ್ತು. ಆಕೆ ಊರಬಾಗಿಲಿನ ಅಗಸಿಯ ಮುಂದೆಯೇ ಹೋದಳು, ಕಟ್ಟೆಯ ಮೇಲೆ ಕೂತವರ ಮುಖವನ್ನು ಒಂದೊಂದಾಗಿ ನೋಡುತ್ತ. ನಾನು ಪಕ್ಕದಲ್ಲಿದ್ದೆ. ನನಗೆ ನಾಚಿಕೆಯಾಗಲಿಲ್ಲ, ನಿಜ ಹೇಳಬೇಕೆಂದರೆ ಖುಷಿಯಾಯಿತು. ಶಿಗ್ಗಾವಿಯ ಬಸ್ಸಿನಲ್ಲಿ ಕಂಡಕ್ಟರ್ "ಏ, ಬಸರ ಹೆಣ್ಮಗಳಿಗೆ ಸೀಟು ಬಿಡ್ರಲೇ" ಎಂದು ಕೂಗಿದ. ಅತ್ತೆ ಗಪ್ಪನೆ ಕೂತು, ನನ್ನನ್ನೂ ಪಕ್ಕಕ್ಕೆ ಎಳೆದುಕೊಂಡು, "ಕುಂದರು, ಇದೊಂದು ಚಲೋ ಆತು ನೋಡು" ಎಂದು ಆ ತನ್ನ ನಗು ನಕ್ಕಳು. ಅಪ್ಪ ಮುಂದಿನ ಬಸ್ಸಿಗೆ ಬಂದ. ಬಂದನಲ್ಲ, ಅದಕ್ಕೆ ಅವನನ್ನು ಅರ್ಧ ಕ್ಷಮಿಸಿದ್ದೇನೆ.

ಹುಬ್ಬಳ್ಳಿಯಲ್ಲಿ ಡಾಕ್ಟರಬಾಯಿ ಹೊಟ್ಟೆಯನ್ನು ಬೆರಳಿನಿಂದ ಬಡಿದು ನೋಡಿ, "ಇದು ಕೂಸಲ್ಲ" ಅಂದರು. ಆಪರೇಷನ್ ಆಯಿತು. ನಾನು ವಿಜ್ಞಾನದ ಹುಡುಗಿ ಎಂದು ಗೊತ್ತಾಗಿ, ತೆಗೆದದ್ದನ್ನು ಕರೆದು ತೋರಿಸಿದರು. ಒಂದು ಬಕೀಟು ತುಂಬ ಹಳದಿ ಬಣ್ಣದ ಲೋಳೆ. ಬೆಂಡೆಕಾಯಿ ಹೆಚ್ಚಿದಾಗ ಕತ್ತಿಗೆ ಎಳೆಯೆಳೆಯಾಗಿ ಅಂಟುತ್ತದಲ್ಲ, ಅದೇ, ಆದರೆ ಹೆಪ್ಪುಗಟ್ಟಿದ್ದು. ಅಂಡಾಶಯದ ಗಡ್ಡೆಯೊಂದು ಇದನ್ನು ತಯಾರಿಸುತ್ತಿತ್ತಂತೆ. ಚೀಲದಂತಿದ್ದ ಗಡ್ಡೆ ಹಿಗ್ಗಿ ಹಿಗ್ಗಿ ಒಡೆದು, ಲೋಳೆಯೂ ಅದರೊಳಗಿನ ಕೆಟ್ಟ ಜೀವಕೋಶಗಳೂ ಹೊಟ್ಟೆ ತುಂಬ ಹರಡಿದ್ದವು.

"ಕ್ಯಾನ್ಸರ್," ಅಂದರು ಡಾಕ್ಟರಬಾಯಿ. "ಒಡೆಯೂಕಿಂತ ಮೊದಲ ಬಂದಿದ್ರ ಚೀಲಾನ ಇಡೀಯಾಗಿ ತೆಗೀಬಹುದಿತ್ತು."

ಆ ಬಕೀಟು ನನ್ನನ್ನು ಧಾರವಾಡಕ್ಕೆ ಎಳೆದುಕೊಂಡು ಹೋಯಿತು. ಎಂಬತ್ತರ ದಶಕದ ಮೊದಲಿಗೆ ಜೀವರಸಾಯನಶಾಸ್ತ್ರ ಓದುವಾಗ ಆ ಲೋಳೆಗೆ ಮ್ಯೂಸಿನ್ ಎಂಬ ಹೆಸರಿದೆ ಎಂದು ಗೊತ್ತಾಯಿತು. ಲೋಳೆ ಎಂದರೆ ಮುಖ ಸಿಂಡರಿಸುವವರಿಗೆ ನಾನು ಅಂದಿನಿಂದ ಹೇಳುತ್ತ ಬಂದಿದ್ದೇನೆ: ಅದಿಲ್ಲದಿದ್ದರೆ ನಿಮ್ಮ ಜಠರ ನಿಮ್ಮನ್ನೇ ಅರಗಿಸಿಕೊಳ್ಳುತ್ತಿತ್ತು, ಉಂಡ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮ್ಯೂಸಿನ್ ಒಂದು ಉದ್ದನೆಯ ಪ್ರೋಟೀನಿನ ಎಳೆ. ಅದರ ಮೈತುಂಬ ಸಕ್ಕರೆಯ ಸರಗಳು, ಜಾಲಿಯ ಟೊಂಗೆಗೆ ಮುಳ್ಳು ಇದ್ದಂತೆ. ಆ ಸಕ್ಕರೆಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಚಿಟಿಕೆ ಪ್ರೋಟೀನು ಬೊಗಸೆ ಲೋಳೆಯಾಗುತ್ತದೆ.

ಆರೋಗ್ಯವಂತ ಜೀವಕೋಶಕ್ಕೆ ಲೋಳೆಯನ್ನು ಯಾವ ಕಡೆಗೆ ಬಿಡಬೇಕೆಂದು ಗೊತ್ತಿರುತ್ತದೆ. ಕರುಳಿನದಾದರೆ ಅನ್ನ ಹಾಯುವ ಕಡೆಗೆ, ಶ್ವಾಸನಾಳದ್ದಾದರೆ ಗಾಳಿಯ ಕಡೆಗೆ. ಕ್ಯಾನ್ಸರಿನ ಕೋಶಕ್ಕೆ ದಿಕ್ಕು ತಪ್ಪಿರುತ್ತದೆ. ಅದು ಮ್ಯೂಸಿನನ್ನು ಮೈಯ ಎಲ್ಲ ಕಡೆ ಬಳಿದುಕೊಳ್ಳುತ್ತದೆ. ಸಕ್ಕರೆಯ ಸರಗಳೂ ಎಷ್ಟೋ ಸಲ ಅರೆಬರೆ. ಆ ಹೊದಿಕೆಯಿಂದ ಅದು ಪಕ್ಕದ ಕೋಶಗಳ ಹಿಡಿತದಿಂದ ಜಾರಿಕೊಳ್ಳುತ್ತದೆ, ಮೈ ಕಾಯುವ ಬಿಳಿ ರಕ್ತಕಣಗಳು ಹತ್ತಿರ ಬಂದು ಗುರುತು ಹಿಡಿಯದಂತೆ ನೋಡಿಕೊಳ್ಳುತ್ತದೆ. ಇದೆಲ್ಲ ನಾನು ಒಮ್ಮೆಲೇ ಕಲಿತದ್ದಲ್ಲ. ಆಗ ತಿಳಿದದ್ದು ಸ್ವಲ್ಪ, ಆಮೇಲಿನ ವರ್ಷಗಳಲ್ಲಿ ಓದಿದ್ದು ಬಹಳ. ಅತ್ತೆಯಂಥವರ ಗಡ್ಡೆ ಅಂಡಾಶಯದಲ್ಲೇ ಹುಟ್ಟಬೇಕೆಂದಿಲ್ಲ, ಎಷ್ಟೋ ಸಲ ಅಪೆಂಡಿಕ್ಸಿನಲ್ಲಿ ಹುಟ್ಟಿ ಅಲ್ಲಿಗೆ ಹೋಗಿರುತ್ತದೆ ಎಂದೂ ಈಗ ಹೇಳುತ್ತಾರೆ. ಇರಬಹುದು.

ಇದನ್ನು ಪಾಠ ಮಾಡುವಾಗ "ಕ್ಯಾನ್ಸರ್ ಎಷ್ಟು ಮೋಸಗಾರ ನೋಡ್ರಿ, ಮುಸುಕು ಹಾಕ್ಕೊಂಡು ಅಡಗಿ ಕೂಡ್ತದ" ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ಜೀವಕೋಶಕ್ಕೆ ಮೋಸ ಗೊತ್ತಿಲ್ಲ, ನಾಚಿಕೆ ಗೊತ್ತಿಲ್ಲ. ಅತ್ತೆಗೆ ಶಾಲು ಹೊದಿಸಿ ಒಳಗೆ ಕೂರಿಸಿದ್ದು ಲೋಳೆಯಲ್ಲ, ಮನುಷ್ಯರು. ಕಷಾಯ ಕುಡಿಸಿದ ಆ ತಿಂಗಳುಗಳಲ್ಲೇ ಚೀಲ ಒಡೆದಿರಬೇಕು. ಅತ್ತೆ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಳು. ಲೋಳೆ ಮತ್ತೆ ತುಂಬಿತ್ತು, ಆಗ ಯಾರೂ ತಿಂಗಳು ಎಣಿಸಲಿಲ್ಲ.

ನಾನು ಹೇಳಬೇಕೆಂದಿರುವುದು ಸಾವಿನ ಸುದ್ದಿಯಲ್ಲ, ಆಪರೇಷನ್ ಮುಗಿಸಿ ಆಕೆ ಊರಿಗೆ ಬಂದ ದಿನದ ಸುದ್ದಿ. ಅಪ್ಪ ಮೊದಲೇ ಹೋಗಿ ಗಡ್ಡೆಯ ವಿಷಯವನ್ನು ಊರಿಗೆಲ್ಲ ಹೇಳಿದ್ದ. ಸಂಜೆ ನಮ್ಮ ಪಡಸಾಲೆ ತುಂಬ ಹೆಂಗಸರು. ಗ್ಲುಕೋಸ್ ಬಿಸ್ಕೀಟು, ಲಿಂಬೆಹಣ್ಣು ಹಿಡಿದುಕೊಂಡು ಬಂದಿದ್ದರು. ಅಪ್ಪನ ಮುಖ ಅಷ್ಟು ತಿಂಗಳ ಮೇಲೆ ಅರಳಿತ್ತು. ಅವ್ವ ಎಲ್ಲರಿಗೂ ಚಹಾ ಕೊಟ್ಟಳು.

"ನೀ ಅಂಥಾಕಿ ಅಲ್ಲಂತ ನಮಗ ಗೊತ್ತಿತ್ತು ಬಿಡವಾ," ಅಂದಳು ಓಣಿಯ ಹಿರಿಯಳು. "ದೇವರು ನಿನ್ನ ಮಾನ ಉಳಿಸಿದ."

ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಬಣ್ಣ ಇಳಿದುಹೋಗಿತ್ತು, ದನಿ ಇಳಿದಿರಲಿಲ್ಲ.

"ಗಡ್ಡಿ ಅಂತ ಗೊತ್ತಾದ ಮ್ಯಾಲೆ ಬಂದ್ರಿ," ಅಂದಳು. "ಕೂಸು ಇದ್ದಿದ್ರ?"

ಒಬ್ಬಳು ಬಿಸ್ಕೀಟಿನ ಪುಡಿಕೆಯನ್ನು ಅತ್ತೆಯ ಕಡೆ ಸರಿಸಿದಳು.

"ಹೇಳ್ರಿ. ಕೂಸು ಇದ್ದಿದ್ರ ಏನ್ ಮಾಡ್ತಿದ್ರಿ ನನ್ನ? ಬಾವಿ ತೋರಸ್ತಿದ್ರೇನು? ಗಡ್ಡಿ ಆತಂತ ನಾ ಚಲೋ ಹೆಂಗಸು, ಕೂಸಾಗಿದ್ರ ಕೆಟ್ಟಾಕಿ. ನಾ ಇದ್ದಾಕಿ ಇದ್ದಂಗ ಅದೇನಿ. ನಿಮ್ಮ ಮಾಫಿ ನನಗ ಬ್ಯಾಡ."

"ಸುಮ್ನಿರು, ಮನಿಗೆ ಬಂದಾರ," ಎಂದು ಅಪ್ಪ ಗದರಿದ. ಹೆಂಗಸರು ಸೆರಗು ಸರಿಮಾಡಿಕೊಂಡು ಏಳತೊಡಗಿದರು. ಹಿರಿಯಳು ಅವ್ವನ ಕಡೆ ತಿರುಗಿ, "ನೀನರೆ ಹೇಳವಾ ನಿನ್ನ ನಾದಿನಿಗೆ" ಅಂದಳು.

ಅವ್ವ ಚಹಾದ ತಟ್ಟೆಯನ್ನು ಕೆಳಗಿಟ್ಟಳು. ಅಪ್ಪನ ಕಡೆ ನೋಡಲಿಲ್ಲ, ಹೆಂಗಸರ ಕಡೆಯೂ ನೋಡಲಿಲ್ಲ.

"ಕೂಸು ಇದ್ದಿದ್ರ," ಅಂದಳು ಅತ್ತೆಗೆ, "ಬಾಣಂತನ ನಾ ಮಾಡ್ತಿದ್ದೆ."