ಹಲಗೆಯ ಏಟಿಗೆ ಏಳದ ಎದೆ

ಬೆಚ್ಚಿ ಬೀಳದ ಎದೆ ಗಟ್ಟಿಯೋ, ಮುಗಿದದ್ದೋ? ಎಕ್ಕಂಬಿಯ ನಾಗಪತಿ ಸಾಯುವುದಕ್ಕೆ ಹದಿನೈದು ದಿನ ಮೊದಲು ಈ ಪ್ರಶ್ನೆಯನ್ನು ಒಬ್ಬ ವೈದ್ಯರ ಮುಂದಿಟ್ಟಿದ್ದ. ವೈದ್ಯರು ಏನೋ ಹೇಳಿದರು, ಆದರೆ ಅದು ಅವನು ಕೇಳಿದ್ದಕ್ಕೆ ಉತ್ತರವಾಗಿರಲಿಲ್ಲ. ಇದನ್ನು ಬರೆಯುವಾಗಲೂ ಉತ್ತರ ಸಿಕ್ಕಿಲ್ಲ.

ಅರವತ್ತೊಂಬತ್ತರ ನಾಗಪತಿಗೆ ಮೂರೆಕರೆ ಗೋವಿನಜೋಳದ ಹೊಲವಿತ್ತು. ಊರು ಅವನನ್ನು ಗುರುತಿಸಿದ್ದು ಮಾತ್ರ ಹೋರಿಗಳಿಂದ. ದೀಪಾವಳಿ ಕಳೆದೊಡನೆ ಸಿರಸಿಯ ಪೂರ್ವದ ಊರುಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ತೊಡಗುತ್ತವೆ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿದ ಹೋರಿಯನ್ನು ಹಲಗೆ ಎಂಬ ಚರ್ಮವಾದ್ಯದ ಅಬ್ಬರದ ನಡುವೆ ಬಿಡುತ್ತಾರೆ. ಗಂಡಸರು ಮೈಮೇಲೆ ಬಿದ್ದು ಆ ಹಾರವನ್ನು ಹರಿಯಬೇಕು. ಹದಿನೇಳಕ್ಕೇ ಕಣಕ್ಕಿಳಿದ ನಾಗಪತಿಯ ಎಡಗೈಯಲ್ಲಿ ಎರಡು ಬೆರಳುಗಳಿರಲಿಲ್ಲ. ತೊಡೆಯ ಮೇಲೆ ಕೊಂಬು ಉತ್ತ ಸಾಲು ಹಾಗೇ ಉಳಿದಿತ್ತು. ತನ್ನ ಹೋರಿಯ ಬಾಲ ತಿರುಚಿದವನೊಬ್ಬನ ದವಡೆಯನ್ನು ಗೂಟದಿಂದ ಹೊಡೆದು ಮುರಿದಿದ್ದ. ಠಾಣೆಯಲ್ಲಿ ಕ್ಷಮೆ ಕೇಳು ಎಂದಾಗ, ‘ಹೋರಿನ್ನ ಕೇಳಿ ಬರ್ತೀನ್ರಿ’ ಎಂದಿದ್ದನಂತೆ.

ಹೋರಿಯನ್ನು ಪರೀಕ್ಷಿಸುವ ಅವನ ಕ್ರಮ ಸುತ್ತಲಿನವರಿಗೆಲ್ಲ ಗೊತ್ತಿತ್ತು. ಮುಂಗಾಲಿನ ಹಿಂದೆ ಪಕ್ಕೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದ. ಗೆಳೆಯ ಚನ್ನಯ್ಯ ಸದ್ದಿಲ್ಲದೆ ಹಿಂದಿನಿಂದ ಬಂದು ಹಲಗೆಗೆ ಒಂದೇ ಏಟು ಬಿಡುತ್ತಿದ್ದ. ಗುಂಡಿಗೆ ಅಂಗೈಯನ್ನು ಗುದ್ದಿದರೆ ಹೋರಿ ಉಳಿಯಿತು. ಗುದ್ದದಿದ್ದರೆ ಅದು ಎಷ್ಟು ಕಣ ಗೆದ್ದದ್ದಾದರೂ ಸರಿ, ಕೊಂಬಿನ ಬಣ್ಣ ಕೆರೆದು, ಬೆನ್ನಿನ ಮೇಲೆ ಬಾಸುಂಡೆ ಏಳುವಂತೆ ಬಾರಿಸುತ್ತ ಅದೇ ವಾರ ಸಂತೆಗೆ ನಡೆಸುತ್ತಿದ್ದ.

“ಎದಿ ಏಳಲಿಲ್ಲ ಅಂದ್ರ ಅದು ಹೋರಿ ಅಲ್ಲ, ಚರ್ಮದ ಚೀಲ,” ಎನ್ನುತ್ತಿದ್ದ.

ಅವನು ಸತ್ತ ವರ್ಷ ವೈದ್ಯರ ತಂಡವೊಂದು ಊರಿಗೆ ಬಂತು. ರೋಗವಿಲ್ಲದವರ ಹೃದಯದ ಲಯ ಹಗಲಿನಿಂದ ರಾತ್ರಿಗೆ ಹೇಗೆ ಬದಲಾಗುತ್ತದೆ, ವಯಸ್ಸು ಅದನ್ನು ಹೇಗೆ ತಿದ್ದುತ್ತದೆ ಎಂಬುದು ಅವರ ಅಧ್ಯಯನ. ಊರಿನ ಆರೋಗ್ಯ ಕಾರ್ಯಕರ್ತೆ ಮಮತಾ ಮೊದಲು ಹಿಡಿದು ತಂದದ್ದೇ ನಾಗಪತಿಯನ್ನು.

“ಕಾಕಾ, ಅಂಗಿ ಬಿಚ್ಚರಿ. ಈ ಯಂತ್ರ ಇಪ್ಪತ್ನಾಕು ತಾಸು ನಿಮ್ಮ ಮೈಮ್ಯಾಗ ಇರ್ಬೇಕು.”

“ನನಗ ಮೂಗದಾರ ಹಾಕಾಕ ಹತ್ತೀಯೇನ?”

“ಮೂಗಿಗಲ್ರಿ, ಎದಿಗೆ. ಒದೀಬ್ಯಾಡ್ರಿ ಮತ್ತ.”

ಎದೆಗೆ ತಂತಿಗಳನ್ನು ಅಂಟಿಸಿಕೊಂಡ ನಾಗಪತಿಗೆ ತನ್ನನ್ನೇ ಪರೀಕ್ಷಿಸಿಕೊಳ್ಳುವ ಹುಕಿ ಬಂತು. ಸಂಜೆ ನಾಲ್ಕರ ಹೊತ್ತಿಗೆ ಅಂಗಳದಲ್ಲಿ ಕಣ್ಣು ಮುಚ್ಚಿ ನಿಂತ. ಚನ್ನಯ್ಯ ಬೆನ್ನ ಹಿಂದೆ ಹಲಗೆ ಬಾರಿಸಿದ. ಹೆಂಡತಿ ಸುಬ್ಬಿ ಒಳಗಿನಿಂದ ಓಡಿ ಬಂದು, “ಇಬ್ಬರಿಗೂ ಒಂದೇ ಸಲ ಅರಳು ಮರಳಾತೇನ?” ಎಂದು ರೇಗಿದಳು. ನಾಗಪತಿ ವೇಳೆಯನ್ನು ಚೀಟಿಯಲ್ಲಿ ಬರೆದಿಟ್ಟ.

ಮೂರು ವಾರದ ಮೇಲೆ ತಂಡದ ವೈದ್ಯರೊಬ್ಬರು ಗೆರೆಗಳ ಕಾಗದವನ್ನು ಅವನ ಮುಂದೆ ಹರಡಿದರು. ಅವರು ಹೇಳಿದ್ದು ಇಷ್ಟು: ಆರೋಗ್ಯವಂತರಲ್ಲೂ ವಯಸ್ಸಾದಂತೆ ಬಡಿತದ ಏರಿಳಿತ ಕಡಿಮೆಯಾಗುತ್ತದೆ, ಹಗಲು ರಾತ್ರಿಗಳ ಅಂತರ ಕುಗ್ಗುತ್ತದೆ, ನಾಗಪತಿಯಲ್ಲಿ ತುಸು ಹೆಚ್ಚೇ ಕುಗ್ಗಿದೆ, ಇದು ಕಾಯಿಲೆಯಲ್ಲ.

“ನಾಕು ಗಂಟೇಕ ಹಲಗಿ ಬಡದಿದ್ವಿ. ಆವಾಗ?”

ವೈದ್ಯರು ಬೆರಳಿಟ್ಟು ಹುಡುಕಿದರು. “ಬಡಿತ ನಿಮಿಷಕ್ಕೆ ಐವತ್ತೆಂಟಿತ್ತು, ಅರವತ್ತೆರಡಾಗಿದೆ. ಅಷ್ಟೇ.”

ನಾಗಪತಿ ತನ್ನ ಪ್ರಶ್ನೆ ಕೇಳಿದ್ದು ಆಗ. “ವಯಸ್ಸಿಗೆ ಸಹಜ, ಚಿಂತೆ ಬೇಡ,” ಎಂದರು ವೈದ್ಯರು. ಸಹಜ ಎಂಬ ಮಾತು ಸರಾಸರಿಯ ಮಾತು. ಸಾವಿರ ಜನರ ಬಗ್ಗೆ ನಿಜವಾಗಿದ್ದು ಒಬ್ಬನ ಬಗ್ಗೆ ಏನನ್ನೂ ಹೇಳದೇ ಇರಬಹುದು. ನಾಗಪತಿಗಾದರೋ ಆ ಗೆರೆಯನ್ನು ಓದಲು ಒಂದೇ ವಿದ್ಯೆ ಗೊತ್ತಿತ್ತು.

ಜೊತೆಗೆ ಬಂದಿದ್ದ ಚನ್ನಯ್ಯ ಮರಳುವ ದಾರಿಯಲ್ಲಿ ನಕ್ಕ. “ಹಂಗಾದ್ರ ನಿನ್ನ ಸಂತಿಗೆ ಹೊಡೀಬೇಕಾತಲ್ಲೋ!”

ನಾಗಪತಿ ಗೆಳೆಯನ ಕತ್ತಿನಪಟ್ಟಿ ಹಿಡಿದು ಅವನನ್ನು ಬೇಲಿಗೆ ಅಪ್ಪಳಿಸಿದ. ಚನ್ನಯ್ಯನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಹೊಡೆದವನು ಆ ರಕ್ತವನ್ನು ನೋಡಲಿಲ್ಲ. ತನ್ನ ಎದೆಯ ಮೇಲೆ ಅಂಗೈ ಇಟ್ಟು ಕಾಯುತ್ತ ನಿಂತಿದ್ದ.

“ಇಲ್ಲ,” ಎಂದ. “ಏನೂ ಗೊತ್ತಾಗವಲ್ದು.”

ಹದಿನೈದು ದಿನದ ಮೇಲೆ ಪಕ್ಕದ ಊರಿನ ಕಣದಲ್ಲಿ ಅವನು ಹಗ್ಗದ ಬೇಲಿ ದಾಟಿದಾಗ ಸಂಘಟಕರು ಕೂಗಿದರು. ಇಪ್ಪತ್ತು ವರ್ಷಗಳಿಂದ ಅವನು ಹಾರಕ್ಕೆ ಕೈ ಹಾಕಿರಲಿಲ್ಲ. ಕರೀ ಹೋರಿ ಆಗಲೇ ಇಬ್ಬರನ್ನು ತುಳಿದಿತ್ತು. ಒಬ್ಬನ ಮೊಣಕಾಲು ಹಿಂದುಮುಂದಾಗಿ ತಿರುಗಿತ್ತು. ಇನ್ನೊಬ್ಬ ಬಾಯಿಯ ತುಂಬ ಮಣ್ಣು, ಹಲ್ಲು ಉಗುಳುತ್ತ ತೆವಳುತ್ತಿದ್ದ. ಹುಬ್ಬಿಗೆ ಪಟ್ಟಿ ಕಟ್ಟಿಕೊಂಡೇ ಹಲಗೆ ಬಾರಿಸುತ್ತಿದ್ದ ಚನ್ನಯ್ಯನ ಕೈ ನಿಂತುಹೋಯಿತು.

“ಬಡಿಯೋ!” ಎಂದು ನಾಗಪತಿ ಅರಚಿದ. “ಯಾಕ ನಿಲ್ಲಿಸ್ದಿ? ಬಡಿ!”

ಹೋರಿ ತಲೆ ತಗ್ಗಿಸಿ ಬಂತು. ಅವನು ಸರಿಯಲಿಲ್ಲ. ಮೂರು ಬೆರಳಿನ ಕೈ ಕೊರಳ ಹಾರಕ್ಕೆ ಸಿಕ್ಕಿಕೊಂಡಿತು. ಹೋರಿ ಅವನನ್ನು ಹತ್ತು ಮಾರು ಎಳೆದೊಯ್ದು, ಕೊಡವಿ ಕೆಡವಿ, ಬಿದ್ದವನ ಪಕ್ಕೆಗೆ ಕೊಂಬು ಹಾಕಿ ಎತ್ತಿತು. ಎರಡನೆಯ ಸಲ ಎತ್ತಿದಾಗ ಎಲುಬು ಮುರಿದ ಸದ್ದು ಬೇಲಿಯಾಚೆಗೂ ಕೇಳಿಸಿತು.

ಓಡಿ ಬಂದ ಚನ್ನಯ್ಯನ ಅಂಗೈಯನ್ನು ನಾಗಪತಿ ರಕ್ತದ ನಡುವೆ ತನ್ನ ಎದೆಗೆ ಒತ್ತಿಕೊಂಡ.

“ನೋಡು, ಎದ್ದೈತಿ,” ಎಂದ. “ಗುದ್ದಾಕ ಹತ್ತೈತಿ.”

ಸಿರಸಿ ಮುಟ್ಟುವ ಮೊದಲೇ ಆಂಬುಲೆನ್ಸಿನಲ್ಲಿ ಅವನು ಸತ್ತ.

ತಿಂಗಳಾದ ಮೇಲೆ ಮಮತಾ ಸುಬ್ಬಿಯ ರಕ್ತದೊತ್ತಡ ನೋಡಲು ಹೋದಳು. ಮೂರು ವರ್ಷಗಳಿಂದ ನುಂಗುತ್ತಿದ್ದ ಮಾತ್ರೆಯನ್ನು ಸುಬ್ಬಿ ಮುಟ್ಟುವುದನ್ನೇ ಬಿಟ್ಟಿದ್ದಳು. ಒತ್ತಾಯ ಮಾಡಿ ಕೇಳಿದಾಗ ಗೋಡೆಯತ್ತ ನೋಡುತ್ತ ಹೇಳಿದಳು: “ಅದನ್ನ ತಗೊಂಡ್ರ ನನ್ನ ಎದಿ ಡವಡವ ನಿಲ್ತೈತಿ. ಅವರ ಕಾಗದಾನೂ ಛಲೋ ಬರ್ಲಿ ಅಂತ, ತಂತಿ ಹಚ್ಚಿದ ದಿನ ಮುಂಜಾನೆದ್ದು, ಸಂಜೀದು, ಎರಡೂ ಗುಳಿಗಿ ಅವರ ಚಾದಾಗ ಕುಟ್ಟಿ ಹಾಕಿದ್ನಿ. ಅವರಿಗೆ ಹೇಳಿರಲಿಲ್ಲ.”

ಅದು ಬಡಿತವನ್ನು ತಗ್ಗಿಸುವ, ಗಾಬರಿಗೂ ಅದು ಏರದಂತೆ ಅದುಮಿಡುವ ಮಾತ್ರೆಯಾಗಿತ್ತು.