ಕೋಡಿ ಬಿದ್ದದೆ ಎಂದು ಹೇಳಲು ಬಂದವನು

ಗಾಳಿ, ಪೀಡೆ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಅಡುಗೆಮನೆಗೆ ಹೋಗಿಬಿಡುವ ಹೆಂಗಸು ನಾನು. ಕೆಲಸವಿಲ್ಲದವರ ಹರಟೆ ಅದು ಎಂದೇ ಅಂದುಕೊಂಡಿದ್ದೆ. ಈಗ ಜನ ನನ್ನನ್ನೇ ಹಾಗೆ ಅನ್ನುತ್ತಿದ್ದಾರೆ. ಅನ್ನಲಿ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮದು ಹುಣಸೂರು-ಪಿರಿಯಾಪಟ್ಟಣದ ಕಡೆಯ ಒಂದು ಊರು. ಹೆಸರು ಹೇಳಿದರೆ ನಾಳೆ ಜಗಳಕ್ಕೆ ಬರುತ್ತಾರೆ, ಹೇಳುವುದಿಲ್ಲ. ಒಂದು ಕಾಲಕ್ಕೆ ಊರಿನ ಸುತ್ತ ಎಲ್ಲಿ ನೋಡಿದರೂ ಕೆರೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ, ಉಕ್ಕಿದ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಆ ಕೆಳಗಿನ ಕೆರೆಗೆ ಮಣ್ಣು ತುಂಬಿ ಮಾಡಿದ ಬಡಾವಣೆಯಲ್ಲೇ ನಮ್ಮ ಮನೆ. ಕೊಳ್ಳುವಾಗ ಇದು ಕೆರೆ ಅಂತ ಒಬ್ಬನೂ ಬಾಯಿ ಬಿಡಲಿಲ್ಲ. ಸಾಲದ್ದಕ್ಕೆ ಬಡಾವಣೆಗೆ ಕಮಾನು ಬೇಕಂತೆ, ಹಳ್ಳದ ಬಾಯಿಗೇ ಚಪ್ಪಡಿ ಹೊದಿಸಿ ಅದರ ಮೇಲೆ ಕಮಾನು ಕಟ್ಟಿದರು. ನೀರು ಎಲ್ಲಿಗೆ ಹೋಗಬೇಕು ಎಂದು ಕೇಳುತ್ತಾ ಪಂಚಾಯಿತಿ ಕಚೇರಿಗೆ ಅಲೆದು ಚಪ್ಪಲಿ ಸವೆಸಿದೆ. "ನೋಡುವ ಬುಡಿ ಮೇಡಂ, ಈಗೆಲ್ಲಿ ಮಳೆ ಬತ್ತದೆ" ಅಂದ ಅಲ್ಲಿಯ ಒಬ್ಬ.

ನನ್ನ ಭಯವೆಲ್ಲ ಅತ್ತೆಯ ಬಗ್ಗೆ. ಸೊಂಟ ಮುರಿದು ಮಲಗಿದ್ದಾರೆ, ತಾವಾಗಿ ಮಗ್ಗುಲು ಬದಲಿಸಲೂ ಆಗದು.

ಹೋದ ಮಳೆಗಾಲದ ಒಂದು ಮಧ್ಯಾಹ್ನ. ನಮ್ಮಲ್ಲಿ ಬರೀ ಮೋಡ, ಹನಿ ಬಿದ್ದಿರಲಿಲ್ಲ. ಅತ್ತೆಗೆ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದೆ, ಯಾರೋ ಗೇಟು ಬಡಿದರು. ಹೊರಗೆ ಬಂದರೆ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗುದ್ದಲಿ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡ ಗಂಡಸು.

"ಮೇಲ್ನ ಕೆರೆ ಕೋಡಿ ಬಿದ್ದದೆ ಕಣ್ರವ್ವಾ. ನಡೆಯಕ್ಕಾಗ್ದೋರು ಯಾರಾರ ಅವ್ರಾ ಮನೇಲಿ?"

ನನ್ನ ತವರು ಗಾವಡಗೆರೆ ಕಡೆ. ಅಲ್ಲಿ ಕೆರೆ ಕಾಯುವ ನೀರುಗಂಟಿ, ಕೋಡಿ ಬಿದ್ದ ದಿನ ತಗ್ಗಿನ ಮನೆಗಳಿಗೆ ಬಂದು ಮೊದಲು ಕೇಳುತ್ತಿದ್ದದ್ದು ಇದನ್ನೇ. ಚಿಕ್ಕವಳಿದ್ದಾಗ ಕೇಳಿದ್ದ ಮಾತಾದ್ದರಿಂದ ನನಗೆ ಏನೂ ವಿಚಿತ್ರ ಅನಿಸಲಿಲ್ಲ. ಅತ್ತೆ ಇದ್ದಾರೆ ಅಂದೆ.

"ಮೊದ್ಲು ಅವ್ರನ್ನ ಎತ್ಕೊಂಡು ಓಗಿ" ಎಂದವನು ಮುಂದಿನ ಮನೆಯ ಕಡೆ ತಿರುಗಿದ.

ಎದುರುಮನೆ ರತ್ನಮ್ಮನವರದು ಮಹಡಿ ಮನೆ. ಅವರನ್ನೂ ಅವರ ಯಜಮಾನರನ್ನೂ ಕೂಗಿ ಕರೆದು, ಅತ್ತೆಯನ್ನು ಬೆಡ್‌ಶೀಟಿನಲ್ಲಿ ಹೊತ್ತು ಅವರ ಮಹಡಿಗೆ ಸಾಗಿಸಿ ಉಸಿರು ಬಿಡುವಷ್ಟರಲ್ಲಿ ನೀರು ಬಂತು. ಕೆಂಪು ನೀರು ಕಮಾನಿಗೆ ಗುದ್ದಿ ಬೀದಿಗೆ ತಿರುಗಿ ನಮ್ಮ ಮನೆಯಲ್ಲಿ ಕಿಟಕಿ ಮಟ್ಟ ನಿಂತಿತು. ಅತ್ತೆ ಮಲಗುತ್ತಿದ್ದ ಮಂಚ ಕಾಣಲೇ ಇಲ್ಲ.

ನೀರು ಇಳಿದ ಮೇಲೆ, ಆ ಪುಣ್ಯಾತ್ಮನಿಗೆ ಒಂದು ಲೋಟ ಕಾಫಿಯಾದರೂ ಕೊಡಬೇಕೆಂದು ಮೇಲಿನ ಕೆರೆಯ ಊರಿಗೆ ಹೋಗಿ ವಿಚಾರಿಸಿದೆ. "ನೀರುಗಂಟಿನಾ? ಆ ಕೆಲ್ಸ ನಿಂತೋಗಿ ಯಾವ ಕಾಲ ಆಯ್ತು" ಅಂದರು. ನಮ್ಮ ಬೀದಿಯಲ್ಲಿ ಬೇರೆ ಯಾರ ಗೇಟನ್ನೂ ಅವನು ಬಡಿದಿರಲಿಲ್ಲ. ಕೊನೆಗೆ ರತ್ನಮ್ಮ ತಮ್ಮ ಮನೆಯ ಕ್ಯಾಮೆರಾದಲ್ಲಿ ತೋರಿಸಿದರು. ನಾನು ಗೇಟಿನ ಹತ್ತಿರ ನಿಂತು ಮಾತಾಡುತ್ತಿದ್ದೇನೆ, ತಲೆಯಾಡಿಸುತ್ತಿದ್ದೇನೆ. ಗೇಟಿನಾಚೆ ಯಾರೂ ಇಲ್ಲ.

ಆ ವಿಡಿಯೋ ಅದು ಹೇಗೋ ಊರೆಲ್ಲ ಹರಿದಾಡಿತು. ಇನ್ನಾದರೂ ಚಪ್ಪಡಿ ಕೀಳಿಸಿ ಎಂದು ಕಚೇರಿಗೆ ಹೋದರೆ, ಅಂದು ಮಳೆ ಎಲ್ಲಿ ಅಂದಿದ್ದ ಅದೇ ಮನುಷ್ಯ ಮೊಬೈಲಿನಲ್ಲಿ ಆ ವಿಡಿಯೋ ತೆಗೆದು ನನ್ನ ಮುಖಕ್ಕೆ ಹಿಡಿದ. "ದೆವ್ವದ ಮಾತು ಕೇಳ್ಕೊಂಡು ಕಮಾನು ಒಡೆಯಕ್ಕಾಯ್ತದಾ ಮೇಡಂ?" ಸುತ್ತ ಕೂತವರು ಕಿಸಕ್ಕನೆ ನಕ್ಕರು. ನಾಚಿಕೆಗೆಟ್ಟ ಜನ. ನನಗೆ ತಲೆ ಕೆಟ್ಟಿತ್ತು ಅಂತಲೇ ಇಟ್ಟುಕೊಳ್ಳಿ, ಕಿಟಕಿ ಮಟ್ಟ ನಿಂತ ನೀರಿಗೂ ತಲೆ ಕೆಟ್ಟಿತ್ತೇ? ಮೈ ಉರಿದುಹೋಯಿತು.

ಅವನು ಯಾರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ದೆವ್ವ ಎನ್ನಲು ಬಾಯಿ ಬರುವುದಿಲ್ಲ, ಭ್ರಮೆ ಎನ್ನಲು ಮನಸ್ಸು ಒಪ್ಪುವುದಿಲ್ಲ. ಈಗ ಮತ್ತೆ ಮೋಡ ಕಟ್ಟುತ್ತಿದೆ. ಕಮಾನಿಗೆ ಹೊಸ ಬಣ್ಣ ಬಳಿದಿದ್ದಾರೆ. ಅತ್ತೆ ಅದೇ ಕೋಣೆಯಲ್ಲಿ ಮಲಗಿದ್ದಾರೆ, ನಮಗೆ ಬೇರೆ ಮನೆಯಿಲ್ಲ. ಅವನು ಇನ್ನೊಮ್ಮೆ ಬರುತ್ತಾನೋ ಇಲ್ಲವೋ ಹೇಳಲಾರೆ. ಕಚೇರಿಯವರು ಬರುವುದಿಲ್ಲ, ಅಷ್ಟು ಗೊತ್ತು.