ಗಂಡನ ಸಹಿ ಇಲ್ಲದ ಮುಚ್ಚಳಿಕೆ

ಜಗಳೂರಿನ ದುರುಗಕ್ಕನಿಗೆ ಮೂವತ್ತಾರು ವರ್ಷ, ಅರವತ್ತು ಕುರಿ, ಹೈಸ್ಕೂಲಿಗೆ ಹೋಗುವ ಒಬ್ಬ ಮಗಳು. ಮದುವೆಯಾದ ಮೇಲೆ ಹದಿನಾರು ವರ್ಷ ಅವಳು ಕಬಡ್ಡಿ ಅಂಕಣ ತುಳಿದಿರಲಿಲ್ಲ. ಒಮ್ಮೆ ಮಗಳ ಶಾಲೆಯ ಮೈದಾನದಲ್ಲಿ ಸುಮ್ಮನೆ ಆಟ ನೋಡುತ್ತ ನಿಂತವಳು, ಮಾರನೆಯ ವಾರ ಟ್ರ್ಯಾಕ್ ಪ್ಯಾಂಟು ತೊಟ್ಟು ಬಂದಳು. ಈ ವರ್ಷ ಜಿಲ್ಲಾ ತಂಡ ಸೇರಲೇಬೇಕು ಎಂಬುದು ಅವಳ ಹಟ. ಅವಳ ಮಂಡಿ ಆಗಲೇ ಮುಷ್ಕರ ಹೂಡುತ್ತಿತ್ತು. ಇನ್ನೊಂದು ವರ್ಷ ಕಾಯುವ ಹಾಗಿರಲಿಲ್ಲ.

ಆಯ್ಕೆಯ ಪಂದ್ಯ ಸಂತೇಬೆನ್ನೂರಿನಲ್ಲಿ ನಡೆಯಿತು. ಅಂಕ ಬರೆಯಲು ಕೂತವಳು ನಾನು, ಗೋವಿನಕೋವಿಯವಳು, ಖೋಖೋ ಆಡಿದವಳು. ‘ಇವಳು ಖೋ ಕೊಡಲ್ಲ, ಬೆನ್ನಿಗೆ ಗುದ್ದುತ್ತಾಳೆ’ ಎಂಬ ದೂರು ನನ್ನ ಮದುವೆ ಮಾತುಕತೆಯ ತನಕ ಹೋಗಿತ್ತು. ಹಾಗಾಗಿ ಈ ಕಥೆಯನ್ನು ನಾನು ತಣ್ಣಗೆ ಹೇಳುತ್ತೇನೆಂದು ಯಾರೂ ಕಾಯಬೇಡಿ.

ಎದುರು ತಂಡದಲ್ಲಿ ಸಂಧ್ಯಾರಾಣಿ ಇದ್ದಳು. ಚನ್ನಗಿರಿಯ ಕಾಲೇಜು ಹುಡುಗಿ, ಹಿಡಿದರೆ ಮೀನಿನಂತೆ ನುಣುಚಿಕೊಳ್ಳುವ ರೈಡರ್. ನಾಲ್ವರನ್ನು ಔಟ್ ಮಾಡಿ ಮತ್ತೆ ಬಂದಾಗ ದುರುಗಕ್ಕ ಬಗ್ಗಿ ಅವಳ ಕಾಲು ಹಿಡಿದಳು. ಅಲ್ಲಿಯ ತನಕ ಎಲ್ಲ ಸರಿ. ಆಮೇಲೆ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಉಣ್ಣೆ ಕತ್ತರಿಸುವ ಮುಂಚೆ ಕುರಿಯ ಹಿಂಗಾಲು ಎತ್ತಿ, ಮಗುಚಿ ಕೆಡವಿ, ಮಂಡಿಯಲ್ಲಿ ಅದುಮುತ್ತಾರಲ್ಲ, ಹಾಗೆಯೇ ಹುಡುಗಿಯನ್ನು ಮಗುಚಿ ಅದುಮಿ ಕೂತುಬಿಟ್ಟಳು. ಬಲಗೈ ಕತ್ತರಿಗಾಗಿ ಪಕ್ಕದಲ್ಲಿ ತಡಕಾಡಿತು ಕೂಡ. ಜನ ಬಿದ್ದು ಬಿದ್ದು ನಕ್ಕರು. ಅಂಪೈರ್ ಗ್ರೀನ್ ಕಾರ್ಡ್ ತೋರಿಸಿ ಎಚ್ಚರಿಸಿದರು.

ದುರುಗಕ್ಕ ಹುಡುಗಿಯನ್ನು ಎಬ್ಬಿಸಿ ಬೆನ್ನಿನ ಮಣ್ಣು ಕೊಡವಿದಳು. “ಕೈ ರೂಢಿ ಕಣವ್ವ, ತಪ್ಪಾತು” ಎಂದಳು. ಆಟದ ನಿಯಮದ ಪ್ರಕಾರ ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ತಂಡದ ಪಟ್ಟಿ ಮಾಡುವ ರುದ್ರಮುನಿ ಸಾರ್ ಅವಳನ್ನು ಪಕ್ಕಕ್ಕೆ ಕರೆದರು.

“ನಿನ್ನ ಆಟ ಚೆನ್ನಾಗೈತಮ್ಮ. ಆದ್ರೆ ಈ ಆವೇಶ ಹೆಣ್ಮಕ್ಕಳಿಗೆ ಒಪ್ಪಲ್ಲ. ಇನ್ಮೇಲೆ ಸೌಮ್ಯವಾಗಿ ಆಡ್ತೀನಿ ಅಂತ ಮುಚ್ಚಳಿಕೆ ಬರ್ಕೊಂಡು ಬಾ. ಕೆಳಗೆ ನಿಮ್ಮನೆಯವ್ರ ಸಹಿ ಇರ್ಲಿ. ಸೋಮವಾರ ತಂದ್ರೆ ತಂಡದಾಗೆ ಹೆಸರು.”

ಹಿಂದಿನ ತಿಂಗಳು ಹೊನ್ನಾಳಿಯಲ್ಲಿ ಇದೇ ಸಾರ್ ನಡೆಸಿದ ಗಂಡಸರ ಪಂದ್ಯದಲ್ಲಿ ಒಬ್ಬನ ಮೂಗು ಒಡೆದು ರಕ್ತ ಸುರಿದಿತ್ತು. ಆಗ ಇವರೇ ಮೈಕು ಹಿಡಿದು ‘ಏನು ಕೆಚ್ಚು, ಏನು ಕೆಚ್ಚು’ ಎಂದು ಹೊಗಳಿದ್ದರು. ನಾನೇ ಕಿವಿಯಾರೆ ಕೇಳಿದ್ದೆ, ಅವತ್ತೇ ದುರುಗಕ್ಕನಿಗೂ ಹೇಳಿದೆ. ಹೆಂಗಸರ ಮೈಯಲ್ಲಿ ಕಾಣಿಸಿಕೊಂಡ ಕೂಡಲೇ ಆ ಕೆಚ್ಚಿಗೆ ಮುಚ್ಚಳಿಕೆ ಬೇಕಾಯಿತು.

ಗಂಡ ಯರ್ರಿಸ್ವಾಮಿ ಒಳ್ಳೆಯವನು. ಅದೇ ಕಷ್ಟವಾಯಿತು ಎಂದು ದುರುಗಕ್ಕ ಆಮೇಲೆ ನನಗೆ ಹೇಳಿದಳು. ವಿಷಯ ಕೇಳಿದ್ದೇ ಅವನು ಪೆನ್ನು ತೆಗೆದನಂತೆ.

“ಒಂದು ಸಹಿ ತಾನೆ? ಹಾಕ್ತೀನಿ ತಗಾ. ನೀ ಆಡಾಕೆ ಹೋಗು.”

“ನಿಮ್ ಸಹಿ ಮ್ಯಾಲೆ ಆಡಿದ್ರೆ ಆಟ ನಿಮ್ದಾಗ್ತೈತೆ. ನಂದು ಅಂತ ಒಂದಾದ್ರೂ ಇರ್ಲಿ.”

ಯರ್ರಿಸ್ವಾಮಿ ಪೆನ್ನಿಗೆ ಕ್ಯಾಪು ಹಾಕಿ ಎದ್ದುಹೋದ.

ಸೋಮವಾರ ಆಯ್ಕೆಯಾದವರೆಲ್ಲ ಅಭ್ಯಾಸಕ್ಕೆ ಸೇರಿದ್ದರು, ಸಂಧ್ಯಾರಾಣಿಯೂ ಬಂದಿದ್ದಳು. ಹಾಜರಿ ಬರೆಯಲು ನಾನೂ ಇದ್ದೆ. ದುರುಗಕ್ಕ ಕೊಟ್ಟ ಕಾಗದವನ್ನು ಸಾರ್ ಎಲ್ಲರೆದುರೇ ಓದಿದರು. ‘ಸಂಧ್ಯಾರಾಣಿಯನ್ನು ಹಿಡಿದದ್ದು ಸರಿ. ಮಗುಚಿ ಅದುಮಿದ್ದು ತಪ್ಪು, ಮತ್ತೆ ಮಾಡುವುದಿಲ್ಲ. ಸೌಮ್ಯವಾಗಿ ಆಡುತ್ತೇನೆಂದು ಮಾತ್ರ ಬರೆದುಕೊಡುವುದಿಲ್ಲ.’ ಕೆಳಗೆ ಅವಳದೊಂದೇ ಸಹಿ.

“ಮನೆಯವ್ರ ಸಹಿ ಎಲ್ಲಮ್ಮ?”

“ಹೊನ್ನಾಳ್ಯಾಗೆ ಇನ್ನೊಬ್ನ ಮೂಗು ಒಡೆದೋನ ಹೆಂಡ್ತಿ ಸಹಿ ತರಿಸಿದ್ರೇನ್ರಿ ಸಾರ್?”

ಸಾರ್ ಮುಖ ಗಂಟು ಹಾಕಿಕೊಂಡರು. “ಹಂಗಾದ್ರೆ ತಂಡದಾಗೆ ಹೆಸರಿಲ್ಲ.”

ದುರುಗಕ್ಕನ ಮುಖ ಕಪ್ಪಿಟ್ಟಿತು. ಹದಿನಾರು ವರ್ಷ ಕಾದದ್ದು ಒಂದು ಮಾತಿಗೆ ಮುಗಿದಿತ್ತು. ಆದರೂ ಅವಳು ಕಾಗದ ವಾಪಸ್ ಕೇಳಲಿಲ್ಲ. ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು.

ಸಂಧ್ಯಾರಾಣಿ ಮುಂದೆ ಬಂದಳು. ಸಾರ್ ಕೈಯಿಂದ ಕಾಗದ ತೆಗೆದುಕೊಂಡು, ನನ್ನ ಪೆನ್ನು ಕಿತ್ತುಕೊಂಡು, ದುರುಗಕ್ಕನ ಹೆಸರಿನ ಕೆಳಗೆ ತನ್ನ ಹೆಸರು ಬರೆದಳು.

“ಬಿದ್ದೋಳು ನಾನು ಸಾರ್. ಇನ್ನೊಂದು ಸಹಿ ಬೇಕೇ ಬೇಕಂದ್ರೆ ಇದು ಐತೆ ನೋಡ್ರಿ. ಅಕ್ಕ ಇಲ್ಲಾಂದ್ರೆ ನನ್ ಹೆಸ್ರೂ ತೆಗೀರಿ.”

ಒಳ್ಳೆಯ ರೈಡರನ್ನು ಕಳೆದುಕೊಳ್ಳುವಷ್ಟು ಸಾರ್ ದಡ್ಡರಲ್ಲ. ಏನೋ ಗೊಣಗುತ್ತ ಪಟ್ಟಿಯ ಕೊನೆಯಲ್ಲಿ ದುರುಗಕ್ಕನ ಹೆಸರು ಬರೆದುಕೊಂಡರು.

ಅಭ್ಯಾಸದ ಮೊದಲ ರೈಡಿಗೆ ಸಂಧ್ಯಾರಾಣಿಯೇ ಬಂದಳು. ದುರುಗಕ್ಕ ಬಗ್ಗಿ ಕಾಲು ಹಿಡಿದಳು. ಮಗುಚಲಿಲ್ಲ. ಬಿಡಲೂ ಇಲ್ಲ.